ಯಾರೂ ಎದ್ದು ಬಾರದ ಹೆಸರು

ಕಣ್ಣಾಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕೂಗಮ್ಮ ಎನ್ನುತ್ತಿದ್ದರು. ಬೆಳಗ್ಗೆ ಬಾಗಿಲು ತೆರೆದಾಗಿನಿಂದ ಕೊನೆಯ ರೋಗಿ ಹೋಗುವವರೆಗೆ ಚೀಟಿ ನೋಡಿ ಹೆಸರು ಕೂಗುವುದೇ ಅವಳ ಕೆಲಸ. ನಡುವೆ ಯಾರೋ ಮೈಕು ತಂದಿಟ್ಟರು. ಅದು ಗೊರಗೊರ ಎಂದಿತೇ ಹೊರತು ಅವಳ ಗಂಟಲಿನ ಮುಂದೆ ಅದರ ಆಟ ನಡೆಯಲಿಲ್ಲ. ಹಾಗೆಂದು ಅವಳದು ದಪ್ಪ ದನಿಯೇನಲ್ಲ. ತೆಳ್ಳಗಿನ, ನೆಟ್ಟಗಿನ ದನಿ. ದಾರ ಪೋಣಿಸಿದ ಸೂಜಿಯ ಹಾಗೆ ಗದ್ದಲವನ್ನು ತೂರಿಕೊಂಡು ಹೋಗಿ, ಯಾರಿಗೆ ತಾಕಬೇಕೋ ಅವರಿಗೇ ತಾಕುತ್ತಿತ್ತು. ಮೂರು ಸಲ ಕೂಗುವಳು. ಆಗಲೂ ಬಾರದಿದ್ದರೆ ಚೀಟಿ ಕಟ್ಟಿನ ಅಡಿಗೆ ಹೋಗುತ್ತಿತ್ತು.

ಕಾಯುವವರಿಗೆಂದು ಹಾಕಿದ್ದ ಕುರ್ಚಿಗಳು ಮುಚ್ಚಿಹೋದ ಚಿತ್ರಮಂದಿರದಿಂದ ಬಂದವು. ಕೂತವರು ಎದ್ದ ಕೂಡಲೇ ಸೀಟು ಟಪ್ಪೆಂದು ತಾನೇ ಮೇಲಕ್ಕೆ ಮಡಚಿಕೊಳ್ಳುತ್ತಿತ್ತು. ಹೆಸರು ಕೂಗುವುದು, ಎಲ್ಲೋ ಒಂದು ಟಪ್, ಆಮೇಲೆ ತಡವರಿಸುವ ಹೆಜ್ಜೆ. ಕಣ್ಣಿಗೆ ಹನಿ ಹಾಕಿಸಿಕೊಂಡವರಿಗೆ ಎದುರಿನದೆಲ್ಲ ಮಬ್ಬು ಮಬ್ಬು. ಅಂಥವರ ಕೈ ಹಿಡಿದು ಡಾಕ್ಟರ ಕೋಣೆಯ ಬಾಗಿಲಿನವರೆಗೆ ಬಿಟ್ಟುಬರುವುದೂ ಕೂಗಮ್ಮನ ಪಾಲಿನದೇ. ಗಂಡ ಬೇಗ ಹೋದ ಮೇಲೆ ಅವಳು ಮಗಳನ್ನು ಸಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲವೂ ಈ ಗಂಟಲಿನ ಮೇಲೆ.

ಆ ಮಗಳಿಗೆ ಹೆಣ್ಣು ಮಗುವಾಯಿತು. ಬಾಣಂತನಕ್ಕೆ ತಾಯಿಯ ಮನೆಗೆ ಬಂದಳು. ಹೆಸರಿನ ರಗಳೆ ಶುರುವಾದದ್ದು ಆಗ. ಊರಿಗೆಲ್ಲ ಹೆಸರು ಕೂಗುವವಳ ಮನೆಯಲ್ಲಿ ಹೆಸರಿಗೇ ಬರ ಬಂದಿತ್ತು. ಅಳಿಯನ ಅಕ್ಕ ದಿನವೂ ಫೋನಿನಲ್ಲಿ ಹೊಸ ಹೊಸ ಹೆಸರು ಕಳಿಸುತ್ತಿದ್ದಳು. ಕೂಗಮ್ಮ ಮೂಗು ಮುರಿಯುತ್ತಿದ್ದಳು. ಅವುಗಳಲ್ಲಿ ಯಾವುದನ್ನು ಕೂಗಿದರೂ ಆಸ್ಪತ್ರೆಯ ಹಜಾರದಲ್ಲಿ ಅರ್ಧ ಸಾಲು ಎದ್ದು ನಿಲ್ಲುತ್ತದೆ ಎನ್ನುವುದು ಅವಳ ದೂರು. ಅಳಿಯ ಬೀಗ ರಿಪೇರಿ ಮಾಡುವವನು. ಬಾಯಿಗೂ ಒಂದು ಬೀಗ ಹಾಕಿಕೊಂಡಂತೆ ಇರುವ ಮನುಷ್ಯ. ಅವನೂ ಒಂದು ದಿನ ಬಾಯಿ ಬಿಟ್ಟು, ಶಾಲೆಯಲ್ಲಿ ಕರೆದರೆ ನಮ್ಮ ಮಗು ಒಂದೇ ತಿರುಗಿ ನೋಡುವಂಥದ್ದು ಇರಲಿ ಎಂದ.

"ಹಳೇ ಹೆಸರೇ ಆಗ್ಲಿ ಅಮ್ಮ. ಹಳಸಿದ್ದು ಮಾತ್ರ ಬೇಡ," ಎಂದಳು ಮಗಳು.

ಕೂಗಮ್ಮ ಆಗ ಮಗುವಿನ ಬಟ್ಟೆ ಹಿಂಡುತ್ತಿದ್ದಳು. ಹಿಂಡುತ್ತಿದ್ದ ಹಾಗೆಯೇ ಬಾಯಿಗೆ ಒಂದು ಹೆಸರು ಬಂತು. ಮಗಳು ಹೊಟ್ಟೆಯಲ್ಲಿದ್ದಾಗ ಒಮ್ಮೆ ಆಸ್ಪತ್ರೆಯಲ್ಲಿ ಕೂಗಿದ್ದ ಹೆಸರು. ಅದಕ್ಕೆ ಮೊದಲೂ ಕೂಗಿರಲಿಲ್ಲ, ಆಮೇಲೂ ಇಲ್ಲ. ಅದನ್ನು ಇಲ್ಲಿ ಹೇಳುವುದು ಬೇಡ. ಮೂರೇ ಅಕ್ಷರ, ಅಜ್ಜಿಯ ಅಜ್ಜಿಯ ಕಾಲದ್ದು, ನಡುವಿನ ಅಕ್ಷರದಲ್ಲಿ ನಾಲಿಗೆ ಒಂದು ಕ್ಷಣ ನಿಂತು ಮುಂದೆ ಹೋಗುವಂಥದ್ದು. ಹೇಳಿದಾಗ ಮಗಳು ತೊಟ್ಟಿಲ ಹಗ್ಗ ಬಿಟ್ಟು ತಾಯಿಯ ಮುಖ ನೋಡಿದಳು.

"ಇದನ್ನ ಎಲ್ಲೋ ಕೇಳಿದೀನಿ. ಯಾರ ಹೆಸರು?"

ಕೇಳಿರಲು ಸಾಧ್ಯವಿಲ್ಲ, ಅದು ಯಾರೋ ರೋಗಿಯದು, ಮೂರು ಸಲ ಕೂಗಿದರೂ ಆ ರೋಗಿ ಬರಲಿಲ್ಲ ಎಂದಳು ಕೂಗಮ್ಮ. ಮಗಳಿಗೆ ಅದೆಲ್ಲ ಬೇಕಿರಲಿಲ್ಲ. ಹೆಸರು ಹಿಡಿಸಿಬಿಟ್ಟಿತ್ತು. ಅಳಿಯನೂ ಮೆಲ್ಲಗೆ ಎರಡು ಸಲ ಹೇಳಿ ನೋಡಿ ತಲೆಯಾಡಿಸಿದ.

ಮಾರನೆಯ ದಿನ ಮಧ್ಯಾಹ್ನ ಬೆಳಗಿನ ರೋಗಿಗಳು ಮುಗಿದು, ಡಾಕ್ಟರು ಊಟಕ್ಕೆ ಹೋಗಿ, ಹಜಾರ ಬಿಕೋ ಎನ್ನುತ್ತಿತ್ತು. ಕೂಗಮ್ಮನಿಗೆ ಒಂದು ಚಪಲ. ಗಡಿಗೆ ಕೊಳ್ಳುವವರು ತಟ್ಟಿ ನೋಡುವ ಹಾಗೆ, ಮೊಮ್ಮಗಳ ಹೆಸರು ದೂರಕ್ಕೆ ಹೇಗೆ ಕೇಳುತ್ತದೆ ನೋಡೋಣ ಎಂದುಕೊಂಡಳು. ಬಾಗಿಲ ಬಳಿ ತನ್ನ ಜಾಗದಲ್ಲಿ ನಿಂತು, ಕೆಲಸದ ದನಿಯಲ್ಲೇ ಕೂಗಿದಳು.

ಕೊನೆಯ ಸಾಲಿನಲ್ಲಿ ಟಪ್ಪೆಂದಿತು.

ಅತ್ತ ನೋಡಿದಳು. ಯಾರೂ ಇರಲಿಲ್ಲ. ಸೀಟುಗಳೆಲ್ಲ ಮೇಲಕ್ಕೆ ಮಡಚಿಕೊಂಡಿದ್ದವು. ಕೂಗುವ ಮೊದಲು ಅಲ್ಲಿ ಒಂದು ಸೀಟು ಕೆಳಗಿತ್ತು ಎನ್ನುವುದು ಅವಳಿಗೆ ಆಗ ನೆನಪಾಯಿತು. ಸ್ಪ್ರಿಂಗು ಕೆಟ್ಟಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುವಷ್ಟರಲ್ಲಿ ಹೆಜ್ಜೆ ಕೇಳಿಸಿತು. ಸಣ್ಣ ಪಾದ, ಬರಿಗಾಲು. ಒಂದೊಂದು ಹೆಜ್ಜೆಗೂ ನಿಂತು ನಿಂತು, ಕುರ್ಚಿಯ ಬೆನ್ನನ್ನು ತಡಕಿಕೊಂಡು ಬರುವ ಹಾಗೆ. ಕಣ್ಣಿಗೆ ಹನಿ ಹಾಕಿಸಿಕೊಂಡವರು ಹಾಗೇ ಬರುತ್ತಾರೆ. ಆ ನಡಿಗೆಯನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು. ಹೆಜ್ಜೆ ಅವಳ ಮುಂದೆ ಬಂದು ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಯಾರೋ ಕೈ ಹಿಡಿಯಲಿ ಎಂದು ಕಾಯುವಂತಿತ್ತು.

ಕೂಗಮ್ಮ ಕಾಲಿಗೆ ಬುದ್ಧಿ ಹೇಳಿದಳು. ಚಪ್ಪಲಿ ಮೇಜಿನ ಕೆಳಗೇ ಉಳಿಯಿತು.

ಮನೆಗೆ ಬಂದು ಆ ಹೆಸರು ಬೇಡ ಎಂದಳು. ಯಾಕೆಂದು ಕೇಳಿದರೆ ಹೇಳಲಾರಳು. ಹೇಳಿದರೆ ತಾಯಿಗೆ ವಯಸ್ಸಾಯಿತು ಎಂದುಕೊಂಡಾರು. ಮಗಳಿಗೆ ಸಿಟ್ಟು ಬಂತು.

"ನೀನೇ ಕೊಟ್ಟು ನೀನೇ ಕಿತ್ಕೊಳ್ತೀಯಾ? ಇವರು ಬೆಳಗ್ಗೆನೇ ಹೋಗಿ ಜನನ ಪತ್ರಕ್ಕೆ ಬರೆಸಿ ಬಂದಾಯ್ತು."

ಇನ್ನು ಮಾತಾಡಿ ಪ್ರಯೋಜನವಿರಲಿಲ್ಲ. ಕೂಗಮ್ಮ ನೀರು ಕೂಡ ಕುಡಿಯದೆ ಹನಿಯಕ್ಕನ ಮನೆಗೆ ಹೊರಟಳು. ಹನಿಯಕ್ಕ ಆ ಆಸ್ಪತ್ರೆಯಲ್ಲಿ ರೋಗಿಗಳ ಕಣ್ಣಿಗೆ ಹನಿ ಹಾಕುತ್ತಿದ್ದ ನರ್ಸು. ನಿವೃತ್ತಿಯಾಗಿ ಎರಡು ಬೀದಿ ಆಚೆ ತಮ್ಮನ ಮನೆಯಲ್ಲಿದ್ದಳು. ಕಿಟಕಿಯ ಬಳಿ ಕೂತು ಬಟಾಣಿ ಸುಲಿಯುತ್ತಿದ್ದವಳು ಹೆಸರು ಕಿವಿಗೆ ಬಿದ್ದ ಕೂಡಲೇ ಕೈ ನಿಲ್ಲಿಸಿದಳು. ಇದನ್ನು ನಿನಗೆ ಯಾರು ಹೇಳಿದರು ಎಂದು ಕೇಳಿದಳು. ಯಾರೂ ಹೇಳಲಿಲ್ಲ, ನಾನೇ ಕೂಗಿದ್ದೆ ಎಂದಳು ಕೂಗಮ್ಮ.

"ಒಬ್ಬರು ಮುದುಕರು ಮೊಮ್ಮಗಳನ್ನ ಕರ್ಕೊಂಡು ಬಂದಿದ್ರು," ಎಂದಳು ಹನಿಯಕ್ಕ. "ಚೀಟಿಗೆ ಆ ಹೆಸರು ಬರೆಸಿ, ಮಗುವನ್ನ ಕೂರಿಸಿ, ಈಗ ಬಂದೆ ಅಂತ ಹೊರಗೆ ಹೋದ್ರು. ನಾನು ಹನಿ ಹಾಕ್ದೆ. ಕಣ್ಣು ಮುಚ್ಕೊಂಡು ಕೂತಿರು, ನಿನ್ನ ಹೆಸರು ಕೂಗೋವರೆಗೂ ಏಳಬೇಡ ಅಂದೆ."

"ಮೂರು ಸಲ ಕೂಗಿದ್ನಲ್ಲ ಅಕ್ಕ."

"ಕೂಗಿದೆ. ಆದ್ರೆ ಅದು ತನ್ನ ಹೆಸರು ಅಂತ ಆ ಮಗೂಗೇ ಗೊತ್ತಿರಲಿಲ್ಲ. ಹನಿ ಹಾಕುವಾಗ ಕೇಳಿದ್ದೆ, ಗುಬ್ಬಿ ಅಂದಿತ್ತು. ಚೀಟಿಲಿ ಇರೋದು ಬೇರೆ ಹೆಸರು ಅಂತ ನನಗೂ ಆ ಮುದುಕರು ಬಂದ್ಮೇಲೇ ತಿಳಿದದ್ದು. ಮನೇಲಿ ಎಲ್ಲರೂ ಗುಬ್ಬಿ ಅಂತಲೇ ಕರೀತಿದ್ರು."

ಉಳಿದದ್ದನ್ನು ಅವಳು ಬಟಾಣಿ ಸಿಪ್ಪೆಯನ್ನು ನೋಡುತ್ತಲೇ ಹೇಳಿದಳು. ಮುದುಕರು ವಾಪಸು ಬಂದದ್ದು ಬಾಗಿಲು ಹಾಕುವ ಹೊತ್ತಿಗೆ; ಮರುದಿನದಿಂದ ಹೆರಿಗೆ ರಜೆ ಹಾಕಿದ್ದ ಕೂಗಮ್ಮ ಆಗಲೇ ಮನೆಗೆ ಹೋಗಿದ್ದಳು. ದಾರಿಯಲ್ಲಿ ತಲೆ ಸುತ್ತಿ ಬಿದ್ದು ಯಾವುದೋ ಅಂಗಡಿಯ ಜಗಲಿಯಲ್ಲಿ ಮಲಗಿದ್ದರಂತೆ. ಮಗು ಎಲ್ಲಿ ಎಂದು ಕೇಳಿದರು. ಕುರ್ಚಿ ಖಾಲಿ. ಅದು ಎದ್ದು ಹೋದದ್ದನ್ನು ಕಂಡವರಿಲ್ಲ. ಬಾಗಿಲಲ್ಲಿ ಕಾವಲುಗಾರ ಇದ್ದ, ಅವನೂ ನೋಡಿರಲಿಲ್ಲ. ಪೊಲೀಸರು ಬಂದರು, ಬಾವಿ ಕೆರೆ ನೋಡಿದರು. ಸಿಗಲಿಲ್ಲ. ಬಸುರಿ ಹೆಂಗಸಿನ ಕಿವಿಗೆ ಇದು ಹೋಗುವುದು ಬೇಡವೆಂದು ಎಲ್ಲರೂ ಸೇರಿ ಕೂಗಮ್ಮನಿಂದ ಮುಚ್ಚಿಟ್ಟರು. ಅವಳು ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಮಾತು ತಣ್ಣಗಾಗಿತ್ತು.

ಕೂಗಮ್ಮ ಎದ್ದು ಮನೆಯ ದಾರಿ ಹಿಡಿದಳು. ಹೆದರಿಕೆ ಇತ್ತು, ಆದರೆ ಅದರ ಕೆಳಗೆ ಇನ್ನೊಂದು ಸಂಕಟ ಏಳುತ್ತಿತ್ತು. ಅಷ್ಟು ವರ್ಷ ಕಾದ ಮಗು, ಆ ಹೆಸರು ತನ್ನದೇ ಎಂದು ಹೇಗೋ ತಿಳಿದು ಕೊನೆಗೂ ಎದ್ದು ಬಂದಾಗ ತಾನು ಕೈ ಚಾಚದೆ ಓಡಿ ಬಂದೆನಲ್ಲ ಎಂಬ ಸಂಕಟ ಅದು.

ಮರುದಿನ ಮಧ್ಯಾಹ್ನ ಹಜಾರ ಖಾಲಿಯಾದ ಮೇಲೆ ಅವಳು ಕೊನೆಯ ಸಾಲನ್ನು ನೋಡಿದಳು. ಗೋಡೆಯ ಪಕ್ಕದ ಒಂದು ಸೀಟು ಕೆಳಗಿತ್ತು. ಯಾರೋ ಕೂತ ಹಾಗೆ ಅದರ ರೆಕ್ಸಿನ್ನು ನಡುವೆ ತಗ್ಗಾಗಿತ್ತು. ಬಾಗಿಲ ಬಳಿ ತನ್ನ ಜಾಗದಲ್ಲಿ ನಿಂತಳು. ಆ ಹೆಸರನ್ನು ಕೂಗಿದಳು. ಟಪ್ಪೆಂದಿತು. ಹೆಜ್ಜೆ ಬಂದು ಮುಂದೆ ನಿಂತಿತು. ಕೂಗಮ್ಮ ಕಣ್ಣು ಮುಚ್ಚಿಕೊಂಡು ಕೈ ಚಾಚಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವಳ ಎರಡು ಬೆರಳುಗಳನ್ನು ಬೆವೆತ ಪುಟ್ಟ ಮುಷ್ಟಿಯೊಂದು ಹಿಡಿದುಕೊಂಡಿತು. ತಣ್ಣಗಿರಲಿಲ್ಲ. ಈಗಷ್ಟೇ ಬಿಸಿಲಿನಿಂದ ಒಳಗೆ ಬಂದ ಮಗುವಿನ ಕೈಯಂತೆ ಬೆಚ್ಚಗಿತ್ತು.

"ಬಾ ಗುಬ್ಬಿ. ಮೆಟ್ಟಿಲಿದೆ, ನೋಡ್ಕೊಂಡು."

ಡಾಕ್ಟರ ಕೋಣೆಯ ಬಾಗಿಲು ನೂಕಿದಳು. ಒಳಗೆ ಯಾರೂ ಇರಲಿಲ್ಲ, ಪರದೆ ಎಳೆದು ಕತ್ತಲಾಗಿತ್ತು. ಮುಷ್ಟಿ ಸಡಿಲವಾಯಿತು. ಒಳಗೆ ನಾಲ್ಕಾರು ಹೆಜ್ಜೆ ಕೇಳಿಸಿ ನಿಂತವು. ಎಂದಿನಂತೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಅಂದಿನಿಂದ ಆ ಸಾಲಿನ ಸೀಟು ತಾನಾಗಿ ಕೆಳಗೆ ಬಿದ್ದದ್ದನ್ನು ಅವಳು ಕಾಣಲಿಲ್ಲ. ಅಲ್ಲಿ ಇನ್ನೂ ಕೆಲವು ವರ್ಷ ಕೆಲಸ ಮಾಡಿದಳು. ಆ ಹೆಸರನ್ನು ಮಾತ್ರ ಅಲ್ಲಿ ಮತ್ತೆ ಬಾಯಿಗೆ ತರಲಿಲ್ಲ.

ಮೊಮ್ಮಗಳಿಗೆ ಅದೇ ಹೆಸರು ಉಳಿಯಿತು. ಮನೆಯಲ್ಲಿ ಕೂಗಮ್ಮ ಒಂದು ಕಟ್ಟುಪಾಡು ಮಾಡಿದಳು. ಚಿನ್ನು, ಮುದ್ದು, ಗುಂಡಮ್ಮ ಯಾವುದೂ ಬೇಡ, ಎಲ್ಲರೂ ಪೂರ್ತಿ ಹೆಸರೇ ಹಿಡಿದು ಕರೆಯಬೇಕು. ಅಮ್ಮನದು ಎಲ್ಲದರಲ್ಲೂ ಅತಿ ಎಂದು ಮಗಳು ನಕ್ಕಳು, ಆದರೆ ಹಾಗೆಯೇ ಕರೆದಳು. ಮಗು ಅಮ್ಮ ಅನ್ನುವುದಕ್ಕೂ ಮೊದಲೇ ತನ್ನ ಹೆಸರಿನ ಮೂರಕ್ಷರವನ್ನೂ ತೊದಲಿತು. ಹೆಸರೇನು ಎಂದು ಯಾರು ಕೇಳಿದರೂ ಎದೆ ಮುಟ್ಟಿಕೊಂಡು ಹೇಳುತ್ತದೆ. ಆಗೆಲ್ಲ ಕೂಗಮ್ಮನ ಮನಸ್ಸು ಹಗುರವಾಗುತ್ತದೆ.

ಆದರೆ ದೂರದಿಂದ ಕರೆದರೆ ಮಗು ತಕ್ಷಣ ಏಳುವುದಿಲ್ಲ. ಮೊದಲು ತನ್ನ ಬಲಗಡೆಗೆ, ತನ್ನಷ್ಟೇ ಎತ್ತರದಲ್ಲಿ ಏನನ್ನೋ ನೋಡುತ್ತದೆ. ನೋಡಿ, ತುಸು ಸರಿದು ದಾರಿ ಬಿಡುತ್ತದೆ. ಆಮೇಲೆ ಬರುತ್ತದೆ.