ಬೇರು ಬಿಟ್ಟ ಹುಲ್ಲು

ಮೂಳೆ ಆಸ್ಪತ್ರೆಯಲ್ಲಿ ಮೂಳೆಯಿಲ್ಲದ್ದು ಅತ್ತಿಗೆಯ ನಾಲಿಗೆ ಒಂದೇ ಎಂದು ಅಲ್ಲಿಯವರೆಲ್ಲ ನಗುತ್ತಿದ್ದರು. ಅತ್ತಿಗೆಯೂ ನಗುತ್ತಿದ್ದರು. ನಮ್ಮಣ್ಣ ತೀರಿಕೊಂಡ ಮೇಲೆ ಆ ಆಸ್ಪತ್ರೆಯ ತೋಟದ ಕೆಲಸಕ್ಕೆ ಸೇರಿದವರು, ನೋಡನೋಡುತ್ತ ತೋಟಕ್ಕೇ ಯಜಮಾನಿಯಾಗಿಬಿಟ್ಟಿದ್ದರು. ನಾನು ಅಲ್ಲೇ ಪಂಪು, ಪೈಪು, ನಲ್ಲಿ ನೋಡಿಕೊಳ್ಳುತ್ತಿದ್ದೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಪಂಪಿನ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದು ಕಲಿತವನು. ಆದರೂ ಅತ್ತಿಗೆಯ ಕಥೆಯನ್ನು ಬೇರೆ ಯಾರಾದರೂ ಬರೆದರೆ ಉಪ್ಪಿಲ್ಲದ ಅಡುಗೆಯಾಗುತ್ತದೆ ಎಂಬ ಜಂಬ ನನಗಿದೆ.

ಆಸ್ಪತ್ರೆಯ ಹಿಂದೆ, ಮೂರು ಕಡೆ ವರಾಂಡ ಇರುವ ಒಂದು ಹುಲ್ಲುಹಾಸು. ನೋಡಿ ಖುಷಿಪಡಲಿ ಎಂದು ಬೆಳೆಸಿದ್ದಲ್ಲ. ಮುರಿದ ಕಾಲು ಕೂಡಿದವರು ಮೊದಲ ಹೆಜ್ಜೆ ಇಡುತ್ತಿದ್ದದ್ದು ಅಲ್ಲಿ, ಬರಿಗಾಲಲ್ಲಿ. ಒಳಗಿನ ನುಣುಪು ಟೈಲ್ಸಿನ ಮೇಲೆ ಒಮ್ಮೆ ಜಾರಿದವರು ಮತ್ತೆ ಕಾಲೆತ್ತಲು ಒಲ್ಲೆನೆನ್ನುತ್ತಿದ್ದರು. ಹುಲ್ಲಿನ ಮೇಲೆ ಬಿದ್ದವರು ಮೈಕೊಡವಿ ಏಳುತ್ತಿದ್ದರು. "ಡಾಕ್ಟ್ರು ಮೂಳೆ ಕೂಡಿಸ್ತಾರೆ, ಧೈರ್ಯ ಕೂಡಿಸೋದು ನಾನು" ಎನ್ನುವುದು ಅತ್ತಿಗೆಯ ಮಾತು. ಜಂಬದಲ್ಲಿ ಅವರು ನನಗಿಂತ ಒಂದು ಕೈ ಮೇಲೆ.

ಆ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಹುಲ್ಲಿನ ಮೇಲೆ ಅಲ್ಲಲ್ಲಿ ಹಳದಿ ಮಚ್ಚೆ ಬಿತ್ತು, ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತ ಬಟ್ಟೆಯ ಹಾಗೆ.

"ಮೈದುನಾ, ನಿನ್ನ ಪೈಪು ಉಗುಳ್ತಾ ಇದೆ, ನೀರು ಬಿಡ್ತಾ ಇಲ್ಲ. ಹುಲ್ಲು ಬಾಯಾರಿ ಸಾಯ್ತಿದೆ" ಎಂದರು ಅತ್ತಿಗೆ.

ನೀರು ಜಾಸ್ತಿ ಬಿಟ್ಟೆ. ಮಚ್ಚೆಯೂ ಜಾಸ್ತಿಯಾಯಿತು. ಅದರ ಹಿಂದೆಯೇ ಕಾಗೆ, ಗೊರವಂಕಗಳ ದಂಡು ಬಂದಿಳಿಯಿತು. ಕೊಕ್ಕು ಹಾಕಿ ಹುಲ್ಲನ್ನು ಕೆದಕಿ ಕೆದಕಿ ಹಾಕಿದವು. ಈಗ ಕಳ್ಳ ಸಿಕ್ಕನೆಂದು ಅತ್ತಿಗೆ ಹಳೆಯ ತಗಡಿನ ಡಬ್ಬವೊಂದನ್ನು ಕೈಗೆತ್ತಿಕೊಂಡರು. ಬೆಳಗಾದರೆ ಡಬ್ಬ ಬಡಿಯುವುದು, "ನಿಮ್ಮ ಕೊಕ್ಕು ಮುರಿಯಾ!" ಎಂದು ಅಟ್ಟುವುದು. ಹುಲ್ಲು ಸುಧಾರಿಸುವ ತನಕ ಯಾರೂ ಅದರ ಮೇಲೆ ಕಾಲಿಡಕೂಡದೆಂದು ಅತ್ತಿಗೆ ಹೇಳಿದ್ದರಿಂದ, ಕಾಲಿಗೆ ಪಟ್ಟಿ ಸುತ್ತಿಸಿಕೊಂಡವರೆಲ್ಲ ವರಾಂಡದಲ್ಲಿ ಸಾಲಾಗಿ ಕುಳಿತು ನೋಡುತ್ತಿದ್ದರು. ಅವರಲ್ಲೊಬ್ಬ ಬಸ್ ಡ್ರೈವರ್. ತೊಡೆಯ ಮೂಳೆ ಕೂಡಿತ್ತು, ಆದರೆ ಟೈಲ್ಸಿನ ಮೇಲೆ ಒಂದು ಸಲ ಬಿದ್ದವನು ಗಾಲಿಕುರ್ಚಿಯಿಂದ ಏಳಲು ಸುತರಾಂ ಒಪ್ಪುತ್ತಿರಲಿಲ್ಲ. "ಹುಲ್ಲಿನ ಮೇಲಾದ್ರೆ ನಡೀತೀನಿ, ಇಲ್ಲಾಂದ್ರೆ ಹೀಗೇ ಕೂತಿರ್ತೀನಿ" ಎನ್ನುತ್ತಿದ್ದ.

ಎಲೆ ಉದುರಲು ಶುರುವಾದ ಒಂದು ಬೆಳಗ್ಗೆ ಅತ್ತಿಗೆ ಹಲ್ಲುಕೋಲಿನಿಂದ ಎಲೆ ಗೋರುತ್ತಿದ್ದರು. ಕೋಲಿನ ಜೊತೆ ಹುಲ್ಲೂ ಬಂತು. ಎಳೆದಷ್ಟೂ ಬಂತು, ಚಾಪೆ ಸುತ್ತಿದ ಹಾಗೆ ಸುರುಳಿಯಾಗಿ. ಕೆಳಗಿನ ಮಣ್ಣಿನಲ್ಲಿ ದಪ್ಪ ದಪ್ಪ ಬಿಳಿ ಗೊಣ್ಣೆ ಹುಳುಗಳು ಸುರುಟಿಕೊಂಡು ಮಲಗಿದ್ದವು. ಬೇರನ್ನೆಲ್ಲ ತಿಂದು ತೇಗಿದ್ದವು. ಹಕ್ಕಿಗಳು ಬಂದದ್ದು ಅವುಗಳನ್ನು ಹೆಕ್ಕಲು. ಅತ್ತಿಗೆ ಇಷ್ಟು ದಿನ ಡಬ್ಬ ಬಡಿದು ಓಡಿಸಿದ್ದು ತಮ್ಮ ಕಡೆಯವರನ್ನೇ.

ಅತ್ತಿಗೆ ನೆಲದ ಮೇಲೆ ಕುಸಿದು ಕುಳಿತರು. ಅವರ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅವತ್ತೇ. ಹುಲ್ಲಿನ ಸುರುಳಿಯನ್ನು ಪಕ್ಕಕ್ಕೆ ತಳ್ಳಿ, "ಮೇನೇಜರಿಗೆ ಹೋಗಿ ಹೇಳು, ಹುಲ್ಲು ಬೇರು ಬಿಟ್ಟಿದೆ ಅಂತ" ಎಂದರು.

ಹೋಗಿ ಅಕ್ಷರ ತಪ್ಪದೆ ಹೇಳಿದೆ. ಮೇನೇಜರು ಕಿವಿಗೆ ಫೋನು ಅಂಟಿಸಿಕೊಂಡು ಯಾವುದಕ್ಕೋ ಸಹಿ ಹಾಕುತ್ತಿದ್ದರು.

"ಬೇರು ಬಿಟ್ಟಿದೆಯಾ? ಭೇಷ್! ಅಮ್ಮನಿಗೆ ಹೇಳಿ, ತುಂಬಾ ಸಂತೋಷ ಆಯ್ತು ಅಂತ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಫೋನಿನೊಳಗೆ ಹೊಕ್ಕಾಗಿತ್ತು. ತಪ್ಪು ಅವರದೂ ಅಲ್ಲ, ನಮ್ಮ ಭಾಷೆಯದು. ಗಿಡ ಬೇರು ಬಿಟ್ಟಿತೆಂದರೆ ಹೊಸ ಬೇರು ಹುಟ್ಟಿತೆಂದೂ ಆಯಿತು, ಇದ್ದ ಬೇರಿನ ನಂಟು ತಪ್ಪಿತೆಂದೂ ಆಯಿತು. ಹುಲ್ಲು ಬೆಳೆಯುತ್ತಿದೆ ಎಂದುಕೊಂಡ ಮೇನೇಜರು, ಅದೇ ಮಧ್ಯಾಹ್ನ ಆಸ್ಪತ್ರೆ ನಡೆಸುವ ಕಮಿಟಿಯವರು ಬಂದಾಗ ಹುಲ್ಲಿನ ಮೇಲೇ ಕುರ್ಚಿ ಹಾಕಿಸಿದರು. ಕಮಿಟಿಯ ಹಿರಿಯಮ್ಮ ಚಹಾ ಲೋಟ ಹಿಡಿದು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು ನೋಡಿ, ಕುರ್ಚಿ, ಹುಲ್ಲು, ಹಿರಿಯಮ್ಮ ಎಲ್ಲವೂ ಒಟ್ಟಿಗೇ ಜಾರಿದವು. ಪುಣ್ಯಕ್ಕೆ ಚೆಲ್ಲಿದ್ದು ಚಹಾ ಮಾತ್ರ.

ಮೇನೇಜರ ಮುಖ ಕಪ್ಪಿಟ್ಟಿತು. "ಏನಮ್ಮಾ ಇದು? ಬೇರು ಬಿಟ್ಟಿದೆ ಅಂದ್ರಲ್ಲ!"

"ಬಿಟ್ಟಿದೆ ಸಾರ್. ಹುಲ್ಲು ಇಲ್ಲಿದೆ, ಬೇರು ಹುಳದ ಹೊಟ್ಟೇಲಿದೆ."

ಕಮಿಟಿಯವರು ಅಲ್ಲೇ ತೀರ್ಮಾನ ಹೇಳಿದರು. ಮರದ ಎಲೆ ಪೂರ್ತಿ ಉದುರುವಷ್ಟರಲ್ಲಿ ಹುಲ್ಲು ಗಟ್ಟಿಯಾಗಿ ಹಿಡಿದುಕೊಂಡರೆ ಸರಿ. ಇಲ್ಲದಿದ್ದರೆ ಅಷ್ಟೂ ಜಾಗಕ್ಕೆ ಸಿಮೆಂಟ್ ಇಟ್ಟಿಗೆ. ವಾರ ಕಳೆಯುವ ಮೊದಲೇ ಇಟ್ಟಿಗೆಗಳು ಬಂದು ಗೇಟಿನ ಪಕ್ಕ ಕುಳಿತವು. ಅತ್ತಿಗೆ ಬರುವಾಗ ಹೋಗುವಾಗ ಅವುಗಳ ಕಡೆ ನೋಡಿ ಮೂಗು ಮುರಿಯುತ್ತಿದ್ದರು.

ಬರಿಗಾಲಿನ ಜನ ಓಡಾಡುವ ನೆಲ, ವಿಷ ಹಾಕುವಂತಿಲ್ಲ. ಗೊಬ್ಬರದಂಗಡಿಯವನು ಪುಡಿಯ ಪೊಟ್ಟಣವೊಂದನ್ನು ಕೊಟ್ಟ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿವೆಯಂತೆ. ನೀರಿನಲ್ಲಿ ಕದಡಿ ನೆಲಕ್ಕೆ ಹಾಕಿದರೆ ಗೊಣ್ಣೆಯ ಹೊಟ್ಟೆ ಹೊಕ್ಕು ಕೊಲ್ಲುತ್ತವಂತೆ.

"ಹುಳುವಿಗೆ ಹುಳು ಬಿಡೋದಾ? ಆಮೇಲೆ ಇದನ್ನ ಓಡಿಸೋಕೆ ಇನ್ನೊಂದು ಪೊಟ್ಟಣ ಕೊಡ್ತೀಯಾ?" ಎಂದು ಅವನನ್ನು ತರಾಟೆಗೆ ತೆಗೆದುಕೊಂಡೇ ಅತ್ತಿಗೆ ಅದನ್ನು ತಂದರು.

ಮೊದಲು ಸತ್ತ ಹುಲ್ಲನ್ನೆಲ್ಲ ಸುತ್ತಿ ತೆಗೆದರು. ಬಯಲಾದ ಮಣ್ಣಿನ ಮುಂದೆ ನಿಂತು ಮರದ ಕಡೆ ಕೈ ಬೀಸಿದರು. "ಬನ್ನಿ ಮಹರಾಯರೇ, ತಪ್ಪಾಯ್ತು, ಬನ್ನಿ."

"ಅಕ್ಕಾ, ಮೊನ್ನೆ ಡಬ್ಬ ಬಡಿದು ಓಡಿಸಿದ್ರಿ, ಇವತ್ತು ಮಣೆ ಹಾಕಿ ಕರೀತಿದ್ದೀರಿ" ಎಂದ ಡ್ರೈವರ್.

"ನೀನು ಸುಮ್ನಿರಪ್ಪ. ಹಾರನ್ ಹೊಡೆದವರೆಲ್ಲ ಮುಂದಿನ ಗಾಡಿ ಮೇಲೆ ದ್ವೇಷ ಇಟ್ಟಿರ್ತಾರಾ?"

ಕಾಗೆಗಳು ಮೊದಮೊದಲು ನಂಬಲಿಲ್ಲ. ಆಮೇಲೆ ಇಳಿದವು, ಹೊಟ್ಟೆ ಬಿರಿಯ ತಿಂದವು. ಉಳಿದ ಹುಳುಗಳಿಗಾಗಿ ಸಂಜೆ ಬಿಸಿಲು ತಗ್ಗಿದ ಮೇಲೆ ನಾನು ನೆಲ ನೆನೆಸಿದೆ, ಅತ್ತಿಗೆ ಪೊಟ್ಟಣದ ನೀರು ಹೊಯ್ದರು, ಮತ್ತೆ ನಾನು ನೀರು ಬಿಟ್ಟೆ. ಕೆಲವು ದಿನ ಬಿಟ್ಟು ಮಣ್ಣು ಕೆದಕಿದರೆ ಗೊಣ್ಣೆಗಳು ಬಣ್ಣಗೆಟ್ಟು ಮೆತ್ತಗಾಗಿ ಬಿದ್ದಿದ್ದವು. ಅತ್ತಿಗೆ ಗೊಬ್ಬರದಂಗಡಿಯವನನ್ನು ಹೊಗಳಲಿಲ್ಲ. "ಪರವಾಗಿಲ್ಲ, ಸುಳ್ಳ ಅಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಆಮೇಲೆ ಚೂಪು ಕಂಬಿಯಿಂದ ನೆಲಕ್ಕೆ ತೂತು ಹೊಡೆದು, ಎಲೆಗೊಬ್ಬರವನ್ನು ಜರಡಿ ಹಿಡಿದು ಹರಡಿ, ಬೀಜ ಎರಚಿದರು. ಹಲಗೆ ಹಾಸಿ ಅದರ ಮೇಲೆ ನಿಂತು ತುಳಿದು ಬೀಜವನ್ನು ಮಣ್ಣಿಗೆ ಒತ್ತಿದರು. ನೀರು ಮಾತ್ರ ಹನಿಹನಿಯಾಗಿ. ನಾನು ಪೈಪಿನ ಬಾಯಿಗೆ ತೂತು ತೂತಿನ ಮುಚ್ಚಳ ಮಾಡಿಕೊಟ್ಟಿದ್ದೆ, ಆದರೂ ಪೈಪು ಹಿಡಿದರೆ "ಮೆತ್ತಗೆ, ಮಗು ತಲೆಗೆ ಹೊಯ್ದ ಹಾಗೆ" ಎಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು.

ಎಳೆ ಹಸಿರು ಮೂಡಿತು. ಅಷ್ಟರಲ್ಲಿ ಮರಗಳಿಂದ ಎಲೆ ಸುರಿಯತೊಡಗಿತು. ಒಂದು ಎಲೆ ಒದ್ದೆಯಾಗಿ ಅಂಟಿ ಕುಳಿತರೆ ಅದರಡಿಯ ಸಸಿಗೆ ಉಸಿರುಕಟ್ಟಿ ಹಳದಿಯಾಗುತ್ತದೆ. ಗೋರಿದರೆ ಸಸಿಯೇ ಕಿತ್ತು ಬರುತ್ತದೆ. ಹಾಗಾಗಿ ಅತ್ತಿಗೆ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಎಲೆ ಆರಿಸಿದರು. ಅಂಚಿನ ಎಲೆಗಳನ್ನು ಡ್ರೈವರ್ ಗಾಲಿಕುರ್ಚಿಯಲ್ಲೇ ಕುಳಿತು ಉದ್ದ ಕೋಲಿನಿಂದ ಎತ್ತುತ್ತಿದ್ದ. ಮರ ಬೋಳಾಗುತ್ತ ಬಂತು. ಇಟ್ಟಿಗೆ ಹಾಸುವ ಮೇಸ್ತ್ರಿ ಬಂದು ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋದ. ಆ ದಿನ ಅತ್ತಿಗೆ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಲಿಲ್ಲ.

ಕೊನೆಗೊಂದು ಬೆಳಗ್ಗೆ ಮೂಲೆಯಲ್ಲಿ ಬಗ್ಗಿ, ಎರಡು ಬೆರಳಲ್ಲಿ ಹುಲ್ಲು ಹಿಡಿದು ಎಳೆದರು. ಮತ್ತೆ ಎಳೆದರು. ತಿರುಗಿ ನನ್ನನ್ನು ನೋಡಿದ ಕಣ್ಣು ತುಂಬಿತ್ತು.

"ಮೇನೇಜರಿಗೆ ಹೋಗಿ ಹೇಳು."

"ಏನಂತ?"

"ಹುಲ್ಲು ಬೇರು ಬಿಟ್ಟಿದೆ ಅಂತ."

"ಅಯ್ಯೋ ಅತ್ತಿಗೆ, ಆ ಮಾತೊಂದು ಬೇಡ!"

"ಇರೋ ಮಾತೇ ಅದು. ನಿನಗೋಸ್ಕರ ಹೊಸದು ಹುಟ್ಟಿಸಲಾ?"

ಹೋಗಿ ಹೇಳಿದೆ. ಬಿಡಿಸಿ ಹೇಳಲು ಈ ಸಲವೂ ನನಗೆ ಪುರುಸೊತ್ತು ಸಿಗಲಿಲ್ಲ. ಒಮ್ಮೆ ಸುಟ್ಟುಕೊಂಡಿದ್ದ ಮೇನೇಜರು ತಲೆಯ ಮೇಲೆ ಕೈ ಹೊತ್ತು, "ಮತ್ತೆ ಬಿಡ್ತಾ? ಮೇಸ್ತ್ರಿಗೆ ಫೋನ್ ಮಾಡ್ರಿ!" ಎಂದು ಕೂಗುತ್ತ ಹಿಂದಿನ ಬಾಗಿಲಿಗೆ ಓಡಿದರು.

"ಬೂಟು ಬಿಚ್ಚಿ ಸಾರ್, ಬಗ್ಗಿ ಒಂದು ಹಿಡಿ ಎಳೆದು ನೋಡಿ. ಒಂದೇ ಹಿಡಿ ಮತ್ತೆ!" ಎಂದರು ಅತ್ತಿಗೆ.

ಮೇನೇಜರು ಕುಕ್ಕರಿಸಿ, ಸಿಟ್ಟೆಲ್ಲ ಕೈಗೆ ತಂದುಕೊಂಡು ಜಗ್ಗಿದರು. ಹುಲ್ಲಿನ ತುದಿ ಪಟಪಟನೆ ಹರಿಯಿತು. ಬುಡ ಅಲುಗಲಿಲ್ಲ. ಜಗ್ಗಿದ ರಭಸಕ್ಕೆ ಮೇನೇಜರು ಹಿಂದಕ್ಕೆ ಮಗುಚಿ ಅಂಗಾತ ಬಿದ್ದರು. ಯಾರಿಗೂ ನಗುವ ಧೈರ್ಯ ಬರಲಿಲ್ಲ.

"ಏಟಾಯ್ತಾ ಸಾರ್?" ಎಂದು ಕೇಳಿದ ಡ್ರೈವರ್.

ಮೇನೇಜರು ಮಲಗಿದಲ್ಲೇ ಬೆನ್ನು ಅಲ್ಲಾಡಿಸಿ ನೋಡಿಕೊಂಡರು. "ಇಲ್ಲ ಕಣ್ರೀ" ಎಂದರು, ತಮಗೇ ಆಶ್ಚರ್ಯವಾದವರಂತೆ. ಆಮೇಲೆ ಕೈಯೊಳಗಿನ ಹುಲ್ಲಿನ ಚೂರು ನೋಡಿ, "ಓ, ಈ ಬೇರು ಬಿಟ್ಟದ್ದಾ!" ಎಂದು ತಾವೇ ನಗಲು ಶುರುಮಾಡಿದರು. ಆಗ ನಾವೂ ನಕ್ಕೆವು. ನನಗಂತೂ ಹೋದ ಜೀವ ಬಂದಂತಾಯಿತು. ಗೇಟಿನ ಪಕ್ಕದ ಇಟ್ಟಿಗೆಗಳು ಅದೇ ವಾರ ಸೈಕಲ್ ಸ್ಟ್ಯಾಂಡಿನ ನೆಲ ಸೇರಿದವು.

ಡ್ರೈವರ್ ಮಾತ್ರ ನಗಲಿಲ್ಲ. ವಾಕರ್ ಎಳೆದುಕೊಂಡು, ಕುರ್ಚಿಯ ತೋಳಿನ ಮೇಲೆ ಭಾರ ಹಾಕಿ ನಿಧಾನ ಎದ್ದು ನಿಂತ. "ಅಕ್ಕಾ, ನಾನು ಬರಲಾ?"

"ಹಳೇ ಹುಲ್ಲು ಉಳಿದಿರೋ ಆ ಅಂಚಲ್ಲಿ ಬಾ. ಹೊಸದರ ಮೇಲೆ ಕಾಲಿಟ್ಟೆಯೋ, ಇನ್ನೊಂದು ಕಾಲೂ ಮುರೀತೀನಿ."

ಅವನು ಬಂದ. ಕಾಲು ನಡುಗುತ್ತಿತ್ತು, ತುಟಿ ಕಚ್ಚಿಕೊಂಡಿದ್ದ. ನಾವೆಲ್ಲ ಅವನ ಕಾಲನ್ನೇ ನೋಡುತ್ತಿದ್ದೆವು. ಅತ್ತಿಗೆ ಮಾತ್ರ ಅವನ ಹಿಂದೆ ಬಗ್ಗಿಕೊಂಡು ನಡೆಯುತ್ತ, ಅವನು ಕಾಲೆತ್ತಿದ ಕಡೆ ಮಲಗಿದ ಹುಲ್ಲು ಮತ್ತೆ ತಲೆ ಎತ್ತುತ್ತದೆಯೇ ಎಂದು ನೋಡುತ್ತಿದ್ದರು.

ಎತ್ತಿತು.