ಗೋಡೆಯೊಳಗೆ ಹೋದ ಮರಳು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಮುಕ್ಕಾಲು ಮಂದಿ ಸುಳ್ಳರು, ಉಳಿದವರು ಪುಕ್ಕಲರು. ಹಾಗಿದ್ದೂ ಇದನ್ನು ಹೇಳುತ್ತಿರುವುದು ನಾನೇ ಕಣ್ಣಾರೆ ಕಂಡು, ಈ ಕೈಯಿಂದಲೇ ಮುಟ್ಟಿದ್ದಕ್ಕೆ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ.

ತ್ರಾಸಿಯಲ್ಲಿ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿದರೆ ನನ್ನ ತಮ್ಮ ಮಂಜನ ಹೊಸ ಮನೆ. ಮಂಜ ಎರಡು ಮೀನುಗಾರಿಕೆ ಬೋಟುಗಳ ಯಜಮಾನ. ಹೆಂಡತಿ ಶ್ವೇತಾ ಮುಂಬೈಯಲ್ಲಿ ಬೆಳೆದವಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವಳು ಗೋಡೆಯೊಳಗೆ ಪೈಪು ಹಾಕಿಸಿದಳು. ನೀರಿಗಲ್ಲ, ಕಸಕ್ಕೆ.

ಮನೆಗೆ ಬಂದವರಿಗೆಲ್ಲ ಅದರ ಪ್ರವಚನ ಬೇರೆ. ಕಾರ್ ಶೆಡ್ಡಿನಲ್ಲಿ ಹಂಡೆಯಷ್ಟು ದೊಡ್ಡ ಡಬ್ಬಿ, ಅದರ ತಲೆಯಲ್ಲಿ ಮೋಟಾರು. ಅಲ್ಲಿಂದ ಪೈಪು ಗೋಡೆಯೊಳಗೇ ಸಾಗಿ ಕೋಣೆಗೊಂದು ಬಾಯಿ ತೆರೆದಿದೆ. ಬಾಯಿಯ ಮುಚ್ಚಳ ಎತ್ತಿ ಉದ್ದದ ಕೊಳವೆ ಸಿಕ್ಕಿಸಿದರೆ ಮೋಟಾರು ತಾನೇ ಚಾಲೂ. ಎಳೆದ ಕಸ ಗೋಡೆಯೊಳಗಿಂದ ಹೋಗಿ ಡಬ್ಬಿಗೆ ಬೀಳುತ್ತದೆ, ಗಾಳಿ ಶೆಡ್ಡಿನ ಹೊರಗೆ ಹೋಗುತ್ತದೆ, ಗದ್ದಲವೂ ಅಲ್ಲೇ ಉಳಿಯುತ್ತದೆ. ಇಷ್ಟೆಲ್ಲ ಯಾತಕ್ಕೆ? ಗಂಡನ ಕಾಲಿಗಂಟಿದ ಮರಳಿಗೆ. ಕಡಲಿಗೆ ಹೋಗುವವನನ್ನು ಕಟ್ಟಿಕೊಂಡು ಮರಳು ಬೇಡವಂತೆ. ಒಂದು ಹಿಡಿಸೂಡಿಯಿಂದ ಗುಡಿಸಿದರೆ ಮುಗಿಯುವ ಕೆಲಸ ಇದು ಎಂದು, ಗಂಡನ ಅಕ್ಕ ಎಂಬ ಸಲಿಗೆಯಲ್ಲಿ, ನಾನು ಅವಳ ಮುಖಕ್ಕೇ ಹೇಳಿದ್ದೆ.

ಆ ಸಂಜೆ ನಾನು ಅಲ್ಲೇ ಇದ್ದೆ. ಬೋಟು ನಡೆಸುವ ತಾಂಡೇಲನಿಗೆ ಜ್ವರವೆಂದು ಮಂಜನೇ ಹೊರಟ. ಕಡಲು ಸರಿಯಿರಲಿಲ್ಲ, ನನಗೆ ಮೊದಲೇ ಅಳುಕು. ದೇವರಿಗೆ ಕೈಮುಗಿದು ಮೆಟ್ಟಿಲಿಳಿದ. ಬೈಕು ಇನ್ನೂ ಗೇಟು ದಾಟಿರಲಿಲ್ಲ... ಇವಳು ಕೊಳವೆ ಎಳೆದುಕೊಂಡು ಬಂದಳು.

ಮನೆಯವರು ಕಡಲಿಗೆ ಹೊರಟ ಬೆನ್ನಿಗೇ ನಮ್ಮಲ್ಲಿ ಯಾರೂ ಗುಡಿಸುವುದಿಲ್ಲ. ಹಾಗೆ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ.

"ಹ್ವಾಯ್, ಎಂತ ಮಾಡುದ್ ನೀನ್? ಅಂವ ಈಗ ಹೊರ್ಟದ್ದಲ್ದಾ?"

"ಅದೆಲ್ಲ ಹಿಡಿಸೂಡಿಗೆ ಹೇಳಿದ್ದ್, ಅತ್ತಿಗಿ. ಇದ್ ಗುಡ್ಸುದಲ್ಲ, ಎಳುದ್."

ಬುದ್ಧಿವಂತಿಕೆ ನೋಡಿ. ಚಾವಡಿಯಿಂದ ಬಾಗಿಲವರೆಗೆ ಬಿದ್ದಿದ್ದ ಅವನ ಮರಳಿನ ಹೆಜ್ಜೆಗಳು ಒಂದೊಂದಾಗಿ ಗೋಡೆಯೊಳಗೆ ಹೋದವು.

ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಇನ್ವರ್ಟರಿನಲ್ಲಿ ಒಂದು ಬಲ್ಬು ಮಾತ್ರ ಉರಿಯುತ್ತಿತ್ತು. ಆ ಮಿಷಿನ್ನಿಗೆ ಇನ್ವರ್ಟರ್ ಸಾಲುವುದಿಲ್ಲವೆಂದು ಅವಳೇ ಹೇಳಿದ್ದಳು. ಆಗ ಕೇಳಿಸಿತು... ಗೋಡೆಯೊಳಗೆ ಸರ್ರ್... ನಿಂತಿತು... ಮತ್ತೆ ಸರ್ರ್... ಯಾರೋ ಮರಳಿನ ಮೇಲೆ ಕಾಲೆಳೆದು ನಡೆದ ಹಾಗೆ.

"ಇಲಿ ಇರ್ಕ್," ಎಂದೆ. ಇಷ್ಟು ಖರ್ಚು ಮಾಡಿ ಇಲಿಗೆ ರಸ್ತೆ ಮಾಡಿಸಿದ್ದಾಳೆ ಎಂದು ಒಳಗೊಳಗೇ ನಕ್ಕೆ.

ಗೋಡೆಯ ಮುಚ್ಚಳ ಟಪ್... ಟಪ್... ಎಂದು ಬಡಿದುಕೊಂಡು, ಮೆಲ್ಲಗೆ ತೆರೆಯಿತು. ಧೂಳಿನ ವಾಸನೆಯಲ್ಲ. ಒದ್ದೆ ಬಲೆಯ, ಉಪ್ಪುನೀರಿನ ವಾಸನೆ. ನಗು ನಿಂತುಹೋಯಿತು. ಅಂಗೈ ಒಡ್ಡಿದೆ. ತಣ್ಣಗಿನ ಗಾಳಿ ಅದನ್ನು ಒಳಗೆ ಎಳೆಯುತ್ತಿತ್ತು.

ಶ್ವೇತಾ ನನ್ನ ತೋಳು ಹಿಡಿದಳು. "ಕರೆಂಟ್ ಇಲ್ಲೆ, ಅತ್ತಿಗಿ... ಎಳುದ್ ಯಾರ್?"

ಅಷ್ಟರಲ್ಲಿ ಆ ಬಾಯಿಯ ಆಳದಲ್ಲಿ ಯಾರೋ ಕೆಮ್ಮಿದರು. ಮಂಜನ ಕೆಮ್ಮು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳು ನಾನು, ನನಗೆ ಗುರುತು ಸಿಗದೇ?

ಅವನಿಗೆ ಫೋನು ಹಚ್ಚಿದೆವು. ಹೋಗಲಿಲ್ಲ.

ಟಾರ್ಚು ಹಿಡಿದು ಶೆಡ್ಡಿಗೆ ಓಡಿದೆವು. ಮೋಟಾರು ತಣ್ಣಗಿತ್ತು. ಡಬ್ಬಿ ಬಿಚ್ಚಿದರೆ... ಕಂಠದವರೆಗೆ ಒದ್ದೆ ಮರಳು. ಸಂಜೆ ಅವಳು ಎಳೆದದ್ದು ಒಂದು ಮುಷ್ಟಿಯೂ ಇರಲಿಲ್ಲ. ಕೈ ಹಾಕಿದರೆ ಐಸಿನಷ್ಟು ತಂಪು.

"ಬಾಗ್ಲ್ ಹತ್ರ ಹಾಕ್. ಎಲ್ಲಿಂದ ತೆಗ್ದೆಯೋ ಅಲ್ಲೇ ಹಾಕ್," ಎಂದೆ.

ಇಬ್ಬರೂ ಬೊಗಸೆ ಬೊಗಸೆಯಾಗಿ ತಂದು ಬಾಗಿಲ ಮುಂದೆ ಸುರಿದೆವು. ಮುಂಬೈಯ ಧಿಮಾಕೆಲ್ಲ ಇಳಿದು, "ಅವ್ರ್ ಬಂದ್ರ್ ಸಾಕ್, ಅವ್ರ್ ಬಂದ್ರ್ ಸಾಕ್" ಎಂದು ಅವಳು ಅಳುತ್ತಿದ್ದಳು. ಡಬ್ಬಿ ಬರಿದಾದಾಗ ಗೋಡೆಯೊಳಗಿನ ಸದ್ದು ನಿಂತಿತು.

ಬೆಳಕು ಹರಿಯುವಾಗ ಮಂಜ ಬಂದ. ನನಗೆ ಹೋದ ಜೀವ ಬಂದಂತಾಯಿತು.

"ಎಂತ ಆಯ್ತಾ?" ಎಂದೆ.

"ಎಂತ ಇಲ್ಲೆ. ಬೋಟ್ ಒಂದ್ಕಡೆ ಯಾರೋ ಹಿಡ್ದ್ ಎಳ್ದಂಗ್ ನಿಂತಿತ್. ಮತ್ತೆ ಬಿಡ್ತ್."

ಅಷ್ಟೇ ಹೇಳಿ, ಆ ಮರಳಿನ ರಾಶಿಯ ಮೇಲೇ ಬರಿಗಾಲಲ್ಲಿ ಹಾದು ಒಳಗೆ ಹೋದ. ನಾನು ಮರಳು ನೋಡಿದೆ. ಹೆಜ್ಜೆ ಮೂಡಿರಲಿಲ್ಲ. ಒಳಗಿನ ನೆಲ ನೋಡಿದೆ. ಒಂದು ಕಣವೂ ಬಿದ್ದಿರಲಿಲ್ಲ.

ಈಗ ಶ್ವೇತಾ ಗೋಡೆಯ ಬಾಯಿಗಳಿಗೆಲ್ಲ ಟೇಪು ಸುತ್ತಿದ್ದಾಳೆ. ದಿನಾ ಅವನು ಕಡಲಿನಿಂದ ಬಂದ ಮೇಲೆ ಹಿಡಿಸೂಡಿ ಹಿಡಿದು ಅವನು ನಡೆದಲ್ಲೆಲ್ಲ ಬಗ್ಗಿ ಗುಡಿಸುತ್ತಾಳೆ. ಆಮೇಲೆ ನನಗೆ ಫೋನು ಮಾಡುತ್ತಾಳೆ.

"ಇವತ್ತೂ ಒಂದ್ ಕಣ ಮರ್ಳ್ ಇಲ್ಲೆ, ಅತ್ತಿಗಿ."

ಅವಳ ಹಿಂದೆ ಮಂಜ ಕೆಮ್ಮುವುದು ಕೇಳುತ್ತದೆ. ಅದು ಕೋಣೆಯಿಂದಲೋ ಗೋಡೆಯಿಂದಲೋ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ...