ನಾಲ್ಕು ಪಾಯಿಂಟ್ ಹತ್ತು ಮತ್ತು ಗಿರಿಜಾ ಮೇಡಂ

ಗಿರಿಜಾ ಮೇಡಂ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಅವರ ಮುಖವಲ್ಲ, ಬೆನ್ನು. ಕಣ್ಣಿನ ಆಪರೇಷನ್ ಆದಮೇಲೆ ಎಂಟು ದಿನ ಬೋರಲು ಮಲಗಬೇಕು, ತಲೆ ಎತ್ತಕೂಡದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಇನ್ನೊಂದು ಕಣ್ಣಿಗೆ ದಪ್ಪ ವಸ್ತುಗಳು ಕಾಣುತ್ತಿದ್ದವು, ಅಕ್ಷರ ಕಾಣುತ್ತಿರಲಿಲ್ಲ. ಮಂಚದ ಅಂಚಿಗೆ ಹಣೆಯಿಟ್ಟು, ನೀಲಿ ಹೂವಿನ ಸೀರೆಯ ಬೆನ್ನನ್ನು ಲೋಕಕ್ಕೆ ತೋರಿಸುತ್ತ, ಅವರು ನೆಲದ ಜೊತೆ ಮಾತಾಡುತ್ತಿದ್ದರು. ಉತ್ತರ ಕೊಡುವವಳು ನಾನು.

ಗಂಗಾವತಿಯ ನಮ್ಮ ಮನೆಯ ಮಹಡಿಯಲ್ಲಿ ಅವರು ಬಾಡಿಗೆಗಿದ್ದರು. ಹುಟ್ಟೂರು ಹನುಮಸಾಗರ, ಒಂಟಿ ಜೀವ. ಹೆಣ್ಣುಮಕ್ಕಳ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ಅವರ ಸುಪರ್ದಿನಲ್ಲಿತ್ತು. "ಊಹಾ ಮಾಡಬ್ಯಾಡ, ಕೇಳು" ಎನ್ನುವುದು ಅವರ ನಿತ್ಯದ ಮಾತು. ಹಾಲಿನ ಸಂಗಮ್ಮನಿಗೆ "ನಿನ್ನೆ ಎಮ್ಮಿ ಏನ್ ತಿಂದೈತಿ?" ಎಂದು ಕೇಳದೆ ಪಾತ್ರೆ ಒಡ್ಡುತ್ತಿರಲಿಲ್ಲ. ಸಂಗಮ್ಮ ಒಮ್ಮೆ ಬೇಸತ್ತು, "ನಾಳೆ ಎಮ್ಮೀನ ಮ್ಯಾಲ ಹತ್ತಿಸ್ತೀನ್ರಿ, ನೀವ ಕೇಳ್ರಿ" ಎಂದಳು. "ಹತ್ತಿಸು, ಮೆಟ್ಟಲಾ ಅಗಲ ಅದಾವ" ಎಂದರು ಮೇಡಂ, ನಗದೆ.

ನಾನು ಕಾಲೇಜಿನ ಮುಖ ನೋಡುವ ಮೊದಲೇ ಮದುವೆಯಾಗಿ ಬಂದವಳು. ಕಾನ್ವೆಂಟಿನ ಸಿಸ್ಟರ್ ಹಚ್ಚಿದ ಒಂದು ರೂಢಿ ಮಾತ್ರ ಉಳಿದಿತ್ತು. ಗಟ್ಟಿಯಾಗಿ ಓದುವಾಗ ಕಾಮಾ, ಫುಲ್‌ಸ್ಟಾಪುಗಳನ್ನೂ ಬಾಯಿಬಿಟ್ಟು ಹೇಳುವುದು. ಲಗ್ನಪತ್ರಿಕೆಯನ್ನೂ ಹಾಗೇ ಓದುತ್ತೇನೆಂದು ಮನೆಯವರೆಲ್ಲ ನಗುತ್ತಿದ್ದರು. ಮೇಡಂ ಒಬ್ಬರೇ ನಗಲಿಲ್ಲ.

ಬೋರಲು ಮಲಗಿದ ಐದನೆಯ ದಿನ ಮಧ್ಯಾಹ್ನ ಲ್ಯಾಬಿನ ಅಟೆಂಡರ್ ಮೌಲಾಸಾಬರ ಫೋನು ಬಂತು. ಸ್ಪೀಕರಿಗೆ ಹಾಕಿ ಮಂಚದ ಕೆಳಗಿಟ್ಟೆ. ಮೇಡಂ ರಜೆಯಲ್ಲಿದ್ದಾಗ ಯಾರೋ ಲ್ಯಾಬಿನ ಯಂತ್ರಗಳನ್ನು ಅಪ್‌ಡೇಟ್ ಮಾಡಿದ್ದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಪ್ರಾಕ್ಟಿಕಲ್ ಪರೀಕ್ಷೆ.

"ಹೊಸಾದು ಹಾಕ್ಸಿದ ಮ್ಯಾಲ 'ಇದು ಹಳೇದು, ನಡಿಯಂಗಿಲ್ಲ' ಅಂತ ಬರಾಕತ್ತೈತ್ರಿ ಮೇಡಂ. ಪ್ರಿನ್ಸಿಪಾಲ್ರು ಪರೀಕ್ಷಾ ಕೊಪ್ಪಳಕ್ಕ ಒಯ್ಯೂಣು ಅಂತಾರ."

ಮೇಡಂ ಉಸಿರು ಬಿಗಿಹಿಡಿದದ್ದು ಬೆನ್ನಿನಲ್ಲೇ ಕಂಡಿತು. "ಮರಳಿ ಊರ ಕಡಿಂದ ಬರೂ ಹುಡುಗ್ಯಾರು ಆರು ಮಂದಿ ಅದಾರ. ಇಲ್ಲಿತನಾ ಕಳಿಸೂದ ಅವರಪ್ಪಗೋಳಿಗೆ ಭಾಳ ಆಗೈತಿ. ಕೊಪ್ಪಳ ಅಂದ್ರ ಬಿಡಿಸಿಬಿಡ್ತಾರ" ಎಂದು ನೆಲಕ್ಕೆ ಹೇಳಿ, ಏಳಲು ಕೈಯೂರಿದರು. ನಾನು ಬೆನ್ನ ಮೇಲೆ ಕೈಯಿಟ್ಟು ತಡೆದೆ.

"ಹಂಗಾರ ನೀ ಲ್ಯಾಪ್‌ಟಾಪ್ ತಗಿ. ಕಾಣೂದೆಲ್ಲಾ ಓದು. ಚುಕ್ಕಿ ಸೈತ ಬಿಡಬ್ಯಾಡ."

"ನಂಗ ಏನೂ ತಿಳಿಯಂಗಿಲ್ರಿ, ಮೇಡಂ."

"ತಿಳೀದಿದ್ರ ಛಲೋ. ತಿಳಿದವ್ರು ನಡುವ ಹಾರಿಸಿ ಓದ್ತಾರ."

ಆದರೂ ನನಗೆ ತಿಳಿಯುವಂತೆ ಹೇಳಿದರು. ಹುಡುಗಿಯರ ಪಾಠಕ್ಕೆ ಬೇಕಾದುದನ್ನೆಲ್ಲ ಅವರು ಕಂಟೇನರ್ ಎಂಬ ಒಂದೇ ಬುತ್ತಿಯಲ್ಲಿ ಕಟ್ಟಿಟ್ಟಿದ್ದರು. "ಯಾವ ಮಿಷನ್ನಿನ್ಯಾಗ ಬಿಚ್ಚಿದ್ರೂ ಅದ ರೊಟ್ಟಿ, ಅದ ಪಲ್ಯಾ." ಬುತ್ತಿ ಬಿಚ್ಚುವ ಉಪಕರಣ ಮಾತ್ರ ಕೆಲವು ಯಂತ್ರಗಳಲ್ಲಿ ಒಂದು ಬಗೆ, ಕೆಲವುಗಳಲ್ಲಿ ಇನ್ನೊಂದು. ಆ ಗೊಂದಲ ಹುಡುಗಿಯರಿಗೆ ಬೇಡವೆಂದು ಮುಂದೆ ತಾವೇ ಬರೆದ ಒಂದು ಸ್ಕ್ರಿಪ್ಟನ್ನು, ಅಂದರೆ ಕೆಲವು ಸಾಲಿನ ಆಜ್ಞೆಗಳನ್ನು, ಕಾವಲಿಗೆ ನಿಲ್ಲಿಸಿದ್ದರು. ಅದು ಉಪಕರಣವನ್ನು 'ನೀನು ಯಾವುದು, ಎಷ್ಟನೆಯ ಆವೃತ್ತಿ' ಎಂದು ಕೇಳಿಕೊಂಡು ಕೆಲಸ ಹಚ್ಚುತ್ತದೆ. ನಾಲ್ಕು ಪಾಯಿಂಟ್ ನಾಲ್ಕಕ್ಕಿಂತ ಹಳೆಯದಾದರೆ ಬಾಗಿಲು ತೆಗೆಯುವುದಿಲ್ಲ.

ಮೌಲಾಸಾಬರು ಒಂದು ಯಂತ್ರದ ಪರದೆಯ ಫೋಟೋ ಕಳಿಸಿದರು. ನಾನು ಸಿಸ್ಟರ್ ಎದುರು ನಿಂತವಳಂತೆ ಓದಿದೆ. "ಮ್ಯಾಲ ಉಪಕರಣ ಹೇಳಿದ್ದು ನಾಕು, ಚುಕ್ಕಿ, ಒಂದು, ಸೊನ್ನಿ, ಚುಕ್ಕಿ, ಮೂರು. ಕೆಳಗ ನಿಮ್ಮ ಸ್ಕ್ರಿಪ್ಟ್ ಹೇಳಿದ್ದು ನಾಕು, ಚುಕ್ಕಿ, ಒಂದು. ಹಳೇದು ಅಂತೈತಿ. ಮೇಡಂ... ನಡುವಿನ ಸೊನ್ನಿ ಎಲ್ಲಿ ಹೋತ್ರಿ?"

"ಇನ್ನೊಮ್ಮೆ ಓದು." ಓದಿದೆ. ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ, ನಗುತ್ತಿದ್ದರು.

"ಚುಕ್ಕಿ ಆದಮ್ಯಾಲ ಒಂದ ಅಂಕಿ ತಗೋ ಅಂತ ಬರದೀನಿ ನಾ. ಹತ್ತರ ಬಾಲ ಕತ್ತರಿಸಿ ಒಂದು ಮಾಡೈತಿ. ಒಂದು ನಾಕಕ್ಕಿಂತ ಸಣ್ಣದಲ್ಲಾ, ಅದಕ್ಕ ಹಳೇದು ಅಂತೈತಿ. ಒಂಬತ್ತು ದಾಟೂದ್ರೊಳಗ ಈ ಲ್ಯಾಬೂ ಇರಂಗಿಲ್ಲ, ನಾನೂ ಇರಂಗಿಲ್ಲ ಅಂದ್ಕೊಂಡಿದ್ನಿ." ಆಮೇಲೆ ಮೆಲ್ಲಗೆ, "ಊಹಾ ಮಾಡಿದ್ನಿ ನೋಡು, ವಿಜಯಾ" ಎಂದರು.

ಮುಂದಿನ ಚುಕ್ಕಿ ಬರುವತನಕ ಎಷ್ಟು ಅಂಕಿ ಇವೆಯೋ ಅಷ್ಟೂ ತೆಗೆದುಕೋ: ಬದಲಿಸಬೇಕಾದದ್ದು ಅಷ್ಟೇ, ಅರ್ಧ ಸಾಲು. ಅವರು ಒಂದೊಂದೇ ಗುರುತು ಹೇಳಿದರು, ನಾನು ಒಂದು ಬೆರಳಿನಲ್ಲಿ ಒತ್ತಿದೆ. ಇಲ್ಲಿ ತಿದ್ದಿದ್ದು ಲ್ಯಾಬಿನ ಯಂತ್ರಗಳಿಗೂ ತಾನೇ ಹೋಗುತ್ತದಂತೆ. ಒಮ್ಮೆ ಒಂದು ಬ್ರಾಕೆಟ್ ಮುಚ್ಚಲು ಮರೆತು ಎಲ್ಲ ಕೆಟ್ಟಿತು. ಸರಿಯಾದಮೇಲೂ ಅವರು ಬಿಡಲಿಲ್ಲ. "ಮೌಲಾ, ಅಪ್‌ಡೇಟ್ ಆಗದ ಮೂಲಿ ಮಿಷನ್ನಿನ್ಯಾಗೂ ನೋಡ್ರಿ. ಹೊಸಬರಿಗೆ ಬಾಗಲಾ ತಗದು ಹಳಬರಿಗೆ ಹಾಕಿದಂಗ ಆಗಬಾರದು." ಮೌಲಾಸಾಬರ ಚಪ್ಪಲಿಯ ಪಟಪಟ ಫೋನಿನಲ್ಲಿ ಕೇಳುತ್ತಿತ್ತು. ಕೊನೆಗೆ, "ಎಲ್ಲಾ ಸುರು ಆದ್ವು ನೋಡ್ರಿ!"

ಮೇಡಂ ಮಂಚದಿಂದ ಕೈ ಇಳಿಬಿಟ್ಟು ನನ್ನ ಕಾಲುಂಗುರದ ಬೆರಳನ್ನು ಹಿಡಿದು ಅಲುಗಿಸಿದರು. ನಾನು ಕಾಲೆಳೆದುಕೊಂಡೆ. "ಅಯ್ಯ, ದೊಡ್ಡವ್ರು ಕಾಲು ಮುಟ್ಟಬಾರದ್ರಿ!"

"ಮತ್ತ ನಂಗ ಕಾಣೂದು ಅದೊಂದ ಅಲ್ಲಾ?"

ಆಮೇಲೆ ಸ್ಕ್ರಿಪ್ಟಿನ ನೆತ್ತಿಗೆ ಒಂದು ಟಿಪ್ಪಣಿ ಬರೆಸಿದರು. ಆ ಸಾಲನ್ನು ಕಂಪ್ಯೂಟರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಮುಂದೆ ಬರುವ ಮನುಷ್ಯರಿಗಾಗಿ ಬರೆಯುವುದಂತೆ. "ಒಂದೇ ಅಂಕಿ ಹಿಡಿದಿದ್ದೆ. ತಪ್ಪು ನನ್ನದು. ಗಿರಿಜಾ."

ಮರುದಿನ ಮರಳಿಯ ಆರೂ ಹುಡುಗಿಯರು ಇಲ್ಲೇ ಪರೀಕ್ಷೆ ಬರೆದರು.

ಹೋದ ವರ್ಷ ತಂಗಿಯನ್ನು ನೋಡಲೆಂದು ಹನುಮಸಾಗರಕ್ಕೆ ಹೋದ ಮೇಡಂ ಮರಳಿ ಬರಲಿಲ್ಲ. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಸಂಗಮ್ಮ ಈಗಲೂ ನಮ್ಮ ಪಾತ್ರೆಗೆ ಹಾಲು ಹೊಯ್ಯುತ್ತ, ಯಾರೂ ಕೇಳದಿದ್ದರೂ, ಎಮ್ಮೆ ತಿಂದದ್ದನ್ನು ಹೇಳಿ ಹೋಗುತ್ತಾಳೆ.

ಮೊನ್ನೆ ಲ್ಯಾಬಿಗೆ ಹೊಸದಾಗಿ ಬಂದ ಮೇಡಂ ಗೇಟಿನಲ್ಲಿ ನಿಂತಿದ್ದರು. ಇನ್ನೂ ಎಳೆಯ ಮುಖ. "ಇಲ್ಲಿ ವಿಜಯಾ ಅನ್ನೋರು ಯಾರ್ರಿ? ಸ್ಕ್ರಿಪ್ಟ್ ಮತ್ತ ನಿಂತೈತಿ." ಲ್ಯಾಪ್‌ಟಾಪ್ ಬಿಚ್ಚಿ ನನ್ನ ಮುಂದಿಟ್ಟರು. ನಾನು ಒತ್ತಿದ್ದ ಟಿಪ್ಪಣಿಯ ಕೆಳಗೆ, ನಾನು ಒತ್ತದ ಎರಡು ಸಾಲುಗಳಿದ್ದವು.

"ತಪ್ಪು ಹಿಡಿದವಳು ವಿಜಯಾ, ನಮ್ಮ ಕೆಳಗಿನ ಮನಿ. ಮತ್ತ ಕೆಟ್ರ ಊಹಾ ಮಾಡಬ್ಯಾಡ್ರಿ, ಆಕೀನ ಕೇಳ್ರಿ."

ಸೆರಗಿಗೆ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡೆ. "ಕುಂದ್ರವಾ, ಕಾಣೂದೆಲ್ಲಾ ಓದ್ತೀನಿ" ಎಂದು ಸುರು ಮಾಡಿದೆ. ಎರಡನೆಯ ಸಾಲಿಗೇ ನಿಲ್ಲಬೇಕಾಯಿತು. ಕಣ್ಣು ತುಂಬಿ, ಚುಕ್ಕಿ ಯಾವುದು, ಕಾಮಾ ಯಾವುದು, ನನಗೆ ಕಾಣಲಿಲ್ಲ.